ಕೈಯೊಳಗಣ ಕಡಿವಾಣ: ಮೊಬೈಲಿನಿಂದ ಕಂಪ್ಯೂಟರನ್ನು ನಡೆಸುವ ಬಗೆ

ಮಂಚದ ಮೇಲೆ ಮಲಗಿರುವ ರೋಗಿಗೆ ಪುಸ್ತಕದ ಒಂದು ಹಾಳೆಯನ್ನು ಮಗುಚುವುದು ಎಷ್ಟು ದೊಡ್ಡ ಕಾರ್ಯವೆಂಬುದನ್ನು ಆರೋಗ್ಯವಂತರಾದ ನಾವು ಯೋಚಿಸಿಯೂ ನೋಡುವುದಿಲ್ಲ. ನಾನಾದರೂ ಯೋಚಿಸಿದವನಲ್ಲ. 2023ನೆಯ ಇಸವಿಯ ಕಾರ್ತಿಕ ಮಾಸದಲ್ಲಿ ನನ್ನ ಅಣ್ಣನವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದುವು, ನಾಲಗೆಯು ತೊದಲಿತು, ಬುದ್ಧಿಯು ಮಾತ್ರ, ದೇವರ ದಯೆಯಿಂದ, ಎಳ್ಳಷ್ಟೂ ಮಂಕಾಗಲಿಲ್ಲ. ಎಪ್ಪತ್ತನಾಲ್ಕು ವರ್ಷದ ಆ ವೃದ್ಧರು ಬಹುಕಾಲ ಸಂಸ್ಕೃತವನ್ನು ಪಾಠ ಹೇಳಿದವರು. ನನಗೆ ಅಮರವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸಿದವರು ಅವರೇ. ಓದಿಲ್ಲದೆ ಒಂದು ದಿನವನ್ನು ಕಳೆದವರಲ್ಲ. ಆದಕಾರಣ ಮಂಚದ ಪಕ್ಕದಲ್ಲಿ ವ್ಯಾಸಪೀಠವನ್ನಿಟ್ಟು, ಅದರ ಮೇಲೆ ಪುಸ್ತಕವನ್ನು ತೆರೆದಿಡುವ ಏರ್ಪಾಡನ್ನು ಮಾಡಿದೆವು. ಪುಟವು ಮುಗಿದೊಡನೆ ಅವರು ಎಡಗೈಯಿಂದ ಮಂಚದ ಪಟ್ಟಿಯನ್ನು ತಟ್ಟುವರು. ಅತ್ತಿಗೆಯವರೋ ನಾನೋ ಹೋಗಿ ಹಾಳೆಯನ್ನು ಮಗುಚುವೆವು. ಎಡಗೈ ನೆಟ್ಟಗಿದ್ದ ಮೇಲೆ ಅವರೇ ಮಗುಚಬಾರದೆ ಎಂದು ವಾಚಕರು ಕೇಳಬಹುದು. ಅಂಗಾತ ಮಲಗಿದವರು ಪೀಠದವರೆಗೆ ಕೈಯನ್ನು ಚಾಚಲಾರರು. ಎದೆಯ ಮೇಲೆಯೇ ಇಟ್ಟುಕೊಳ್ಳೋಣವೆಂದರೆ ನಮ್ಮ ಹಳೆಯ ವ್ಯಾಖ್ಯಾನಗ್ರಂಥಗಳ ತೂಕವು ಸಾಮಾನ್ಯವಾದುದಲ್ಲ.

ಕೆಲವು ವಾರಗಳು ಕಳೆದ ಮೇಲೆ ಮಂಚವನ್ನು ತಟ್ಟುವ ಸದ್ದು ವಿರಳವಾಗುತ್ತ ಬಂದಿತು. ಒಂದು ದಿನ ಬೆಳಗ್ಗೆ ಯಾವ ಪುಟವು ತೆರೆದಿತ್ತೋ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿಯೂ ಅದೇ ಪುಟವು ತೆರೆದಿದ್ದುದನ್ನು ಕಂಡೆನು. "ಅಣ್ಣಯ್ಯ, ಮಗುಚಲೇ?" ಎಂದು ಕೇಳಿದೆನು. "ಸಾಕು" ಎಂದು ತೊದಲಿ ಕಣ್ಣು ಮುಚ್ಚಿಕೊಂಡರು. ಓದು ಸಾಕಾದುದಲ್ಲ, ಪುಟಕ್ಕೊಮ್ಮೆ ಮತ್ತೊಬ್ಬರನ್ನು ಕರೆಯುವುದು ಸಾಕಾದುದೆಂದು ನನಗೆ ಅರ್ಥವಾಯಿತು. ಅದಕ್ಕೆ ಪರಿಹಾರವೇನೆಂಬುದು ಮಾತ್ರ ತಿಳಿಯಲಿಲ್ಲ.

ಪರಿಹಾರವನ್ನು ತಂದವಳು ಅವರ ಮೊಮ್ಮಗಳು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಆ ಹುಡುಗಿಯು ಸಂಕ್ರಾಂತಿಯ ರಜಕ್ಕೆ ಬಂದವಳು ಎರಡು ದಿನ ತಾತನನ್ನು ಸುಮ್ಮನೆ ನೋಡಿದಳು. ಮೂರನೆಯ ದಿನ, ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಹೊರಗೆಳೆದು, ಒಂದು ತಂತಿಯಿಂದ ಅದನ್ನು ಮಂಚದೆದುರಿನ ಟೀವಿಗೆ ಸೇರಿಸಿದಳು. ಅನಂತರ ತಾನು ಉಪಯೋಗಿಸಿ ಬಿಟ್ಟಿದ್ದ ಹಳೆಯ ಮೊಬೈಲೊಂದನ್ನು ತಾತನ ಎಡಗೈಯಲ್ಲಿಟ್ಟು, "ತಾತ, ಈ ಗಾಜಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯಿರಿ" ಎಂದಳು. ಎಳೆದರು. ಎಂಟಡಿ ದೂರದಲ್ಲಿ ಟೀವಿಯ ತೆರೆಯ ಮೇಲೆ ಒಂದು ಬಿಳಿಯ ಬಾಣವು ಸರಿಯಿತು. ಅಣ್ಣನವರು ಬಾಣವನ್ನು ನೋಡಿದರು, ಬೆರಳನ್ನು ನೋಡಿದರು, ಮತ್ತೆ ಎಳೆದರು. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಕಂಡುದನ್ನು ವರ್ಣಿಸುವುದು ನನಗೆ ಸಾಧ್ಯವಿಲ್ಲ. ಅತ್ತಿಗೆಯವರು ಸೆರಗಿನಿಂದ ಕಣ್ಣೊರಸಿಕೊಂಡು ಅಡುಗೆಮನೆಗೆ ಹೋದರೆಂಬಷ್ಟನ್ನೇ ಹೇಳಬಲ್ಲೆನು.

ಹಾಗಾದರೆ ಮೊಬೈಲಿನಲ್ಲಿಯೇ ಪುಸ್ತಕವನ್ನು ಓದಬಾರದಾಗಿತ್ತೇ? ಓದಬಾರದು. ಶಸ್ತ್ರಚಿಕಿತ್ಸೆಯಾದ ಕಣ್ಣುಗಳಿಗೆ ಅಂಗೈಯಗಲದ ಗಾಜಿನಲ್ಲಿ ಹಳೆಯ ಮುದ್ರಣದ ದೇವನಾಗರಿಯು ಇರುವೆಯ ಸಾಲಿನಂತೆ ಕಾಣುವುದು. ದೊಡ್ಡ ತೆರೆಯು ದೂರದಲ್ಲಿರಬೇಕು, ಅದನ್ನು ನಡೆಸುವ ಸಾಧನವು ಕೈಯಲ್ಲಿರಬೇಕು. ಈ ಎರಡನ್ನೂ ಬೇರ್ಪಡಿಸಿದುದರಲ್ಲಿಯೇ ಉಪಾಯವಿರುವುದು.

ಇಂತಹ ಸಾಧನಕ್ಕೆ ಇಂಗ್ಲಿಷಿನಲ್ಲಿ ರಿಮೋಟ್ ಎನ್ನುವರು. ಕನ್ನಡದಲ್ಲಿ ದೂರನಿಯಂತ್ರಕವೆಂದು ಬರೆಯುವ ರೂಢಿಯಿದೆ. ಹೆಸರು ತುಸು ಭಾರವಾದರೂ ಒಳ್ಳೆಯ ಹೆಸರೇ ಸರಿ. ಸಂಸ್ಕೃತದಲ್ಲಿ ನಿಯಂತೃ ಎಂದರೆ ಸಾರಥಿ. ಅಮರಕೋಶದಲ್ಲಿ ಸೂತನ ಪರ್ಯಾಯಪದಗಳ ನಡುವೆ ಇದೂ ಉಂಟು. ಕಡಿವಾಣವು ಯಾರ ಕೈಯಲ್ಲಿರುವುದೋ ಅವನೇ ನಿಯಂತೃ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವು ಬರುವುದು.

ದೂರದಿಂದ ಯಂತ್ರವನ್ನು ನಡೆಸುವ ಆಸೆಯು ಹೊಸದಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ಒಂದು ಪುಟ್ಟ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ತಂತಿಯಿಲ್ಲದೆ ರೇಡಿಯೋ ಅಲೆಗಳಿಂದಲೇ ಅದನ್ನು ತಿರುಗಿಸಿ ತೋರಿಸಿದನು. ಟೀವಿಯ ದೂರನಿಯಂತ್ರಕಗಳು ಬಂದುದು ಬಹಳ ತಡವಾಗಿ. ಅಮೆರಿಕದ ಜೆನಿತ್ ಕಂಪೆನಿಯವರು 1950ರಲ್ಲಿ ಮಾಡಿದುದಕ್ಕೆ ಉದ್ದವಾದ ತಂತಿಯಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ರೂಪಿಸಿದುದರೊಳಗೆ ಅಲ್ಯೂಮಿನಿಯಮ್ಮಿನ ಸಣ್ಣ ಸಲಾಕೆಗಳಿದ್ದುವು. ಗುಂಡಿಯನ್ನು ಒತ್ತಿದರೆ ಒಂದು ಸುತ್ತಿಗೆಯು ಸಲಾಕೆಯನ್ನು ಹೊಡೆಯುವುದು. ಮನುಷ್ಯರ ಕಿವಿಗೆ ಕೇಳದ ಆ ನಾದವನ್ನು ಟೀವಿಯು ಕೇಳಿಸಿಕೊಂಡು ನಡೆಯುವುದು. ಬ್ಯಾಟರಿಯೇ ಬೇಡ! ಈಗ ನಮ್ಮ ಮನೆಗಳಲ್ಲಿರುವ ಟೀವಿಯ ರಿಮೋಟುಗಳು ಬಹುಮಟ್ಟಿಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ನಡೆಯುವುವು. ಬೆಳಕಾದುದರಿಂದ ಗೋಡೆಯನ್ನು ದಾಟಲಾರವು. ನಡುವೆ ಯಾರಾದರೂ ನಿಂತರೂ ಕೆಲಸವು ಕೆಡುವುದು. ಮೊಬೈಲು ಹಾಗಲ್ಲ. ಅದು ರೇಡಿಯೋ ಅಲೆಯ ಮೂಲಕ ಮಾತನಾಡುವುದರಿಂದ ಹೊದಿಕೆಯೊಳಗಿಂದಲೂ ಪಕ್ಕದ ಕೋಣೆಯಿಂದಲೂ ಅಪ್ಪಣೆಯನ್ನು ಕೊಡಬಹುದು.

ಇದು ನಡೆಯುವ ಕ್ರಮವನ್ನು ಹುಡುಗಿಯು ನನಗೆ ಮೂರು ಸಲ ಹೇಳಿದಳು. ಮೇಷ್ಟರಾಗಿದ್ದವನು ಶಿಷ್ಯನಾಗುವುದರಲ್ಲಿಯೂ ಒಂದು ಸುಖವುಂಟು. ನಾನು ತಿಳಿದುಕೊಂಡ ಮಟ್ಟಿಗೆ ಅದು ಹೀಗೆ. ಮೊಬೈಲಿನಲ್ಲಿ ಒಂದು ಆಪನ್ನೂ ಕಂಪ್ಯೂಟರಿನಲ್ಲಿ ಅದರ ಜೋಡಿಯಾದ ಮತ್ತೊಂದು ತಂತ್ರಾಂಶವನ್ನೂ ಸ್ಥಾಪಿಸಬೇಕು. ಕಂಪ್ಯೂಟರಿನಲ್ಲಿರುವುದು ಬಾಗಿಲಲ್ಲಿ ನಿಂತ ಸೇವಕನಂತೆ ಕಿವಿಗೊಟ್ಟು ಕಾಯುತ್ತಿರುವುದು. ಕಂಪ್ಯೂಟರಿಗೆ ಇಂತಹ ಬಾಗಿಲುಗಳು ಸಂಖ್ಯೆಗಳಿಂದ ಗುರುತಿಸಲ್ಪಟ್ಟಿವೆ. ಆ ಸಂಖ್ಯೆಯು 65,535ರವರೆಗೆ ಹೋಗುವುದು. ನಮ್ಮ ಶಾಸ್ತ್ರಗಳು ಈ ದೇಹವನ್ನು ಒಂಬತ್ತು ಬಾಗಿಲುಗಳ ಪಟ್ಟಣವೆನ್ನುವುವು. ಒಂಬತ್ತನ್ನು ಕಾಯುವುದೇ ನಮಗೆ ಕಷ್ಟವಾಗಿರುವಾಗ ಆ ಯಂತ್ರದ ಪಾಡೇನೆಂದು ಅಣ್ಣನವರು ನಕ್ಕರು. ಕಾಯಿಲೆಯಾದ ಮೇಲೆ ಅವರು ನಕ್ಕುದು ಅದೇ ಮೊದಲು.

ಬೆರಳು ಗಾಜಿನ ಮೇಲೆ ಸರಿದಾಗ ಮೊಬೈಲು ಚಿತ್ರವನ್ನೇನೂ ಕಳುಹಿಸುವುದಿಲ್ಲ. ಬೆರಳು ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಸರಿಯಿತೆಂಬ ಎರಡು ಸಣ್ಣ ಸಂಖ್ಯೆಗಳನ್ನು ಕ್ಷಣಕ್ಷಣಕ್ಕೂ ಕಳುಹಿಸುವುದು. ಸೇವಕನು ಅವನ್ನು ಬಾಣದ ಸ್ಥಾನಕ್ಕೆ ಕೂಡುವನು. ಒಂದು ಬೆರಳಿನಿಂದ ತಟ್ಟಿದರೆ ಮೌಸಿನ ಎಡಗುಂಡಿಯನ್ನು ಒತ್ತಿದಂತೆ. ಎರಡು ಬೆರಳುಗಳಿಂದ ತಟ್ಟಿದರೆ ಬಲಗುಂಡಿಯನ್ನು ಒತ್ತಿದಂತೆ. ಎರಡು ಬೆರಳುಗಳನ್ನು ಜೊತೆಯಾಗಿ ಎಳೆದರೆ ಪುಟವು ಮೇಲಕ್ಕೂ ಕೆಳಕ್ಕೂ ಸರಿಯುವುದು. ಮಾತು ಇಷ್ಟು ಚಿಕ್ಕದಾದುದರಿಂದ ಹಳೆಯ ಮೊಬೈಲೂ ಹಳೆಯ ಕಂಪ್ಯೂಟರೂ ಧಾರಾಳವಾಗಿ ಸಾಕು. ಮನೆಯಲ್ಲಿ ಬಿಸಾಡಬೇಕೆಂದು ಇಟ್ಟಿರುವ ಮೊಬೈಲಿದ್ದರೆ ಬಿಸಾಡಬೇಡಿ.

ನಮ್ಮ ಹುಡುಗಿಯು ಹಾಕಿಕೊಟ್ಟುದು ಕೆ.ಡಿ.ಇ. ಕನೆಕ್ಟ್ ಎಂಬುದು. 2013ರಲ್ಲಿ ಆಲ್ಬರ್ಟ್ ವಾಕಾ ಎಂಬ ತರುಣನು ಆರಂಭಿಸಿದ ಇದು ಉಚಿತವಾದುದು, ಇದರ ಮೂಲಬರಹವನ್ನು ಯಾರಾದರೂ ಓದಿ ಪರೀಕ್ಷಿಸಬಹುದು. ಮೊದಲು ಲಿನಕ್ಸಿಗೆಂದು ಹುಟ್ಟಿ ಈಗ ವಿಂಡೋಸಿನಲ್ಲಿಯೂ ನಡೆಯುವುದು. ಮೊಬೈಲನ್ನೂ ಕಂಪ್ಯೂಟರನ್ನೂ ಮೊದಲ ಸಲ ಜೋಡಿಸುವಾಗ ಒಂದು ಕೇಳಬೇಕು, ಮತ್ತೊಂದು ಒಪ್ಪಬೇಕು. ನಮ್ಮ ಮದುವೆಯ ನಿಶ್ಚಿತಾರ್ಥದಂತೆ. ಆ ಮೇಲೆ ಅವೆರಡರ ಮಾತೂ ಗೂಢಲಿಪಿಯಲ್ಲಿ ನಡೆಯುವುದರಿಂದ ನಡುವಣವರಿಗೆ ತಿಳಿಯದು. ಯೂನಿಫೈಡ್ ರಿಮೋಟ್ ಮೊದಲಾದ ಬೇರೆ ಆಪುಗಳೂ ಇವೆ. ಇದಲ್ಲದೆ, 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಮುಂದಕ್ಕೆ, ಮೊಬೈಲು ಬ್ಲೂಟೂತಿನ ಮೂಲಕ ತಾನೇ ಒಂದು ಕೀಲಿಮಣೆಯೋ ಮೌಸೋ ಆಗಿ ವೇಷ ಹಾಕಲು ಅನುಕೂಲವು ಉಂಟಾಗಿದೆ. ಆಗ ಕಂಪ್ಯೂಟರಿನಲ್ಲಿ ಏನನ್ನೂ ಸ್ಥಾಪಿಸಬೇಕಾಗಿಲ್ಲ. ಪಾಠಶಾಲೆಯ ಕಂಪ್ಯೂಟರನ್ನು ಮುಟ್ಟಲು ಅಪ್ಪಣೆಯಿಲ್ಲದ ಉಪಾಧ್ಯಾಯರು ಚಿತ್ರಗಳನ್ನು ತೋರಿಸುತ್ತ ತರಗತಿಯ ಹಿಂದಿನ ಬೆಂಚಿನ ಬಳಿ ನಿಂತು ಪಾಠ ಹೇಳುವುದಕ್ಕೆ ಇದು ಬಹಳ ಯೋಗ್ಯವಾದುದು. ಹಿಂದಿನ ಬೆಂಚಿನ ಬಳಿ ಮೇಷ್ಟರು ನಿಂತರೆ ತರಗತಿಯ ಶಿಸ್ತು ಹೇಗಿರುವುದೆಂಬುದನ್ನು ನಾನು ಹೇಳಬೇಕಾಗಿಲ್ಲ.

ವಾಚಕರಲ್ಲಿ ಅನೇಕರು ಇದಕ್ಕೆಲ್ಲ ಇಂಟರ್ನೆಟ್ಟು ಬೇಕೆಂದು ಭಾವಿಸಿರಬಹುದು. ನಾನೂ ಹಾಗೆಯೇ ಭಾವಿಸಿದ್ದೆನು. ಮಳೆಗಾಲದಲ್ಲಿ ನಮ್ಮ ಬೀದಿಯ ಇಂಟರ್ನೆಟ್ಟಿನ ತಂತಿಯು ನಾಲ್ಕು ದಿನ ಕಡಿದುಹೋದಾಗ, ಅಣ್ಣನವರ ಓದು ನಿಂತುಹೋಗುವುದೆಂದು ದುಃಖಪಟ್ಟುಕೊಂಡು ಕೋಣೆಗೆ ಹೋದರೆ ಅವರು ನಿಶ್ಚಿಂತರಾಗಿ ಪುಟಗಳನ್ನು ಸರಿಸುತ್ತಿದ್ದರು. ಮೊಬೈಲೂ ಕಂಪ್ಯೂಟರೂ ಮನೆಯೊಳಗಿನ ರೌಟರೊಂದಕ್ಕೆ ಸೇರಿದ್ದರಾಯಿತು. ಊರ ಹೆದ್ದಾರಿಯು ಮುಚ್ಚಿದ್ದರೂ ನಡುಮನೆಯಿಂದ ಅಡುಗೆಮನೆಗೆ ಹೋಗುವುದಕ್ಕೆ ಅಡ್ಡಿಯೇನು?

ಆದರೆ ಎರಡೂ ಒಂದೇ ಜಾಲದಲ್ಲಿರಬೇಕೆಂಬ ನಿಯಮವನ್ನು ಮರೆತರೆ ಕಷ್ಟವುಂಟು. ಹುಡುಗಿಯು ಬೆಂಗಳೂರಿಗೆ ಹಿಂದಿರುಗಿದ ವಾರದಲ್ಲಿಯೇ ಬಾಣವು ಅಲುಗಾಡದೆ ನಿಂತಿತು. ಎರಡು ಗಂಟೆಗಳ ಕಾಲ ನಾನು ಮಾಡದ ಪ್ರಯತ್ನವಿಲ್ಲ; ಎರಡನ್ನೂ ಆರಿಸಿ ಹಚ್ಚಿದೆನು, ತಂತಿಗಳನ್ನು ಕಿತ್ತು ಸಿಕ್ಕಿಸಿದೆನು. ಕಡೆಗೆ ಕಾರಣವನ್ನು ಕಂಡುಹಿಡಿದವರು ನಮ್ಮ ಮನೆಯವರು. ನಮ್ಮ ರೌಟರು ಎರಡು ಹೆಸರುಗಳಿಂದ ಅಲೆಯನ್ನು ಬಿಡುತ್ತಿತ್ತು. ಒಂದು ಮನೆಯವರಿಗೆ, ಮತ್ತೊಂದು ಅತಿಥಿಗಳಿಗೆ. ಮೊಬೈಲು ಹೇಗೋ ಅತಿಥಿಗಳ ಜಾಲಕ್ಕೆ ಸೇರಿಹೋಗಿತ್ತು. ಅತಿಥಿಗಳ ಜಾಲದಲ್ಲಿರುವವರಿಗೆ ಮನೆಯೊಳಗಣ ಯಂತ್ರಗಳು ಕಾಣದಂತೆ ಸಾಮಾನ್ಯವಾಗಿ ಏರ್ಪಾಡಿರುವುದು. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು ಕಳುಹಿಸುವ ಅತಿಥಿಸತ್ಕಾರವಿದು. ಇನ್ನೊಂದು ಸಲ ವಿಂಡೋಸಿನ ಕಾವಲುಗಾರನಾದ ಫೈರ್‌ವಾಲ್ ಎಂಬುದು ನಮ್ಮ ಸೇವಕನನ್ನೇ ಸಂದೇಹದಿಂದ ತಡೆದಿತ್ತು. ಮೊದಲ ಸಲ ಅದು ಅನುಮತಿ ಕೇಳುವಾಗ, ಮನೆಯ ಜಾಲಕ್ಕೆ ಮಾತ್ರ ಅನುಮತಿಯನ್ನು ಕೊಟ್ಟರೆ ಸಾಕು. ಹೋಟೆಲು, ರೈಲ್ವೆ ನಿಲ್ದಾಣ ಮೊದಲಾದ ಸಾರ್ವಜನಿಕ ಜಾಲಗಳಿಗೆ ಕೊಡತಕ್ಕುದಲ್ಲ.

ನಿದ್ರೆಹೋದ ಕಂಪ್ಯೂಟರನ್ನು ಎಬ್ಬಿಸುವುದು ಮತ್ತೊಂದು ತೊಡಕು. ನಿದ್ರೆಹೋದವನಿಗೆ ಅಪ್ಪಣೆಯು ಕೇಳಿಸದಷ್ಟೆ. ಇದಕ್ಕಾಗಿ ಒಂದು ಬಗೆಯ ಸುಪ್ರಭಾತವುಂಟು. ಅದಕ್ಕೆ ಮ್ಯಾಜಿಕ್ ಪ್ಯಾಕೆಟ್ ಎಂದು ಹೆಸರು. ಪ್ರತಿಯೊಂದು ಜಾಲಪಟ್ಟಿಗೂ ಆರು ಬೈಟುಗಳ ಸ್ವಂತ ಹೆಸರೊಂದಿರುವುದು. ಮೊದಲು ಆರು ಬೈಟುಗಳ ಒಂದು ಕೂಗು, ಅದರ ಹಿಂದೆ ಆ ಹೆಸರನ್ನು ಬಿಡದೆ ಹದಿನಾರು ಸಲ ಉಚ್ಚರಿಸುವುದು, ಒಟ್ಟು 102 ಬೈಟುಗಳು. ಯಂತ್ರವೆಲ್ಲ ಮಲಗಿದ್ದರೂ ಆ ಪಟ್ಟಿಯು ಮಾತ್ರ ಎಚ್ಚರವಾಗಿದ್ದು, ತನ್ನ ಹೆಸರನ್ನು ಹದಿನಾರು ಸಲ ಕೇಳಿದೊಡನೆ ಯಜಮಾನನನ್ನು ಎಬ್ಬಿಸುವುದು. ಕುಂಭಕರ್ಣನಿಗೆ ಇಷ್ಟು ಸಾಲುತ್ತಿರಲಿಲ್ಲ. ಇದು ನಡೆಯಬೇಕಾದರೆ ಕಂಪ್ಯೂಟರಿನ ಮೂಲ ಏರ್ಪಾಡಿನಲ್ಲಿ ಅನುಮತಿಯಿರಬೇಕು, ಕಂಪ್ಯೂಟರು ತಂತಿಯಿಂದಲೇ ರೌಟರಿಗೆ ಸೇರಿದ್ದರೆ ಒಳ್ಳೆಯದು. ನಾವಾದರೋ ಆ ಗೊಡವೆಗೆ ಹೋಗದೆ, ಹಗಲೆಲ್ಲ ಅದು ನಿದ್ರಿಸದಂತೆ ಮಾಡಿಟ್ಟಿದ್ದೇವೆ.

ಇನ್ನು ಅಣ್ಣನವರು ಏನನ್ನು ಓದುತ್ತಾರೆಂಬುದನ್ನು ಹೇಳಬೇಕು. ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಹಳೆಯ ಗ್ರಂಥಗಳ ಪುಟಗಳನ್ನು ಚಿತ್ರ ಹಿಡಿದು ಇಟ್ಟಿದ್ದಾರೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಹೆಸರನ್ನು ಮಾತ್ರ ಕೇಳಿದ್ದ ಎಷ್ಟೋ ಮುದ್ರಣಗಳು ಅಲ್ಲಿ ದೊರೆಯುವುವು. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದ ಸಂಗತಿಯು ಕನ್ನಡಿಗರಿಗೆಲ್ಲ ಹೆಮ್ಮೆಯದು. ಅಣ್ಣನವರು ಮೊದಲು ಕೈಗೆತ್ತಿಕೊಂಡುದು ಅದನ್ನೇ. ಅಕ್ಷರವು ಸಣ್ಣದಾಗಿ ಕಂಡರೆ ಅದನ್ನು ದೊಡ್ಡದು ಮಾಡುವರು. ಅಡಿಟಿಪ್ಪಣಿಯು ಬೇಕಾದರೆ ಕೆಳಕ್ಕೆ ಎಳೆಯುವರು. ಹಿಂದಿನ ಪ್ರಕರಣವು ನೆನಪಾದರೆ ಯಾರನ್ನೂ ಕೇಳದೆ ಹಿಂದಕ್ಕೆ ಹೋಗುವರು. ಒಂದು ರಾತ್ರಿ ಮೂರು ಗಂಟೆಗೆ ನನಗೆ ಎಚ್ಚರವಾಗಿ ನೋಡಲಾಗಿ ಅವರ ಕೋಣೆಯಲ್ಲಿ ನೀಲಿ ಬೆಳಕಿತ್ತು. ಹಗಲಿನಲ್ಲಿ ಮಲಗಿ ಮಲಗಿ ರಾತ್ರಿ ನಿದ್ರೆ ಬಾರದವರು ಆ ಹೊತ್ತಿನಲ್ಲಿ ಓದುತ್ತಿದ್ದರು. ಆ ವೇಳೆಯಲ್ಲಿ ಹಾಳೆ ಮಗುಚಲೆಂದು ಅವರು ಯಾರನ್ನು ಕರೆಯುತ್ತಿದ್ದರು? ನಾನು ಬಾಗಿಲಲ್ಲಿ ನಿಂತು, ಒಳಗೆ ಹೋಗದೆ ಹಿಂದಿರುಗಿದೆನು.

ಬರೆಯುವ ವಿಷಯದಲ್ಲಿ ನಮಗೆ ಅರ್ಧ ಜಯವಷ್ಟೇ ಆಗಿದೆ. ಮೊಬೈಲಿಗೆ ಕನ್ನಡದಲ್ಲಿ ಮಾತನಾಡಿದರೆ ಅದು ಅಕ್ಷರಕ್ಕಿಳಿಸುವುದು. ಆ ಬರಹವನ್ನು ನಕಲು ಮಾಡಿ ಕಂಪ್ಯೂಟರಿಗೆ ದಾಟಿಸಿ ಅಲ್ಲಿ ಅಂಟಿಸಬಹುದು. ನನ್ನ ಪತ್ರಗಳನ್ನು ನಾನು ಹಾಗೆಯೇ ಬರೆಯುತ್ತೇನೆ. ಆದರೆ ಅಣ್ಣನವರ ತೊದಲುಮಾತು ಆ ಯಂತ್ರಕ್ಕೆ ತಿಳಿಯದು. ಅವರು ಒಂದು ಹೇಳಿದರೆ ಅದು ಮತ್ತೊಂದನ್ನು ಬರೆಯಿತು; ಮೂರು ದಿನ ಪ್ರಯತ್ನಿಸಿ ಅವರು ಕೈಬಿಟ್ಟರು. ಈಗ ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರವನ್ನು ಒತ್ತಿ ದಿನಕ್ಕೆ ನಾಲ್ಕಾರು ಸಾಲು ಬರೆಯುತ್ತಾರೆ. ಮನೆಯವರಿಗೆ ತಿಳಿಯುವ ಮಾತು ಯಂತ್ರಕ್ಕೆ ತಿಳಿಯದಿರುವುದು ನನಗೆ ಈಗಲೂ ಬೇಸರದ ಸಂಗತಿಯೇ.

ಮೇಲೆ ಹೇಳಿದುದೆಲ್ಲ ಒಂದೇ ಮನೆಯೊಳಗಣ ವ್ಯವಹಾರ. ಇದಕ್ಕಿಂತ ಭಿನ್ನವಾದ ಇನ್ನೊಂದು ಜಾತಿಯುಂಟು. ಅದರಲ್ಲಿ ತೆರೆಯ ಚಿತ್ರವೇ ಇಂಟರ್ನೆಟ್ಟಿನ ಮೂಲಕ ಎಷ್ಟು ದೂರಕ್ಕಾದರೂ ಹೋಗುವುದು. ಅಲ್ಲಿ ಕುಳಿತವರು ಇಲ್ಲಿಯ ಯಂತ್ರವನ್ನು ನಡೆಸಬಹುದು. ನಮ್ಮ ಕಂಪ್ಯೂಟರು ಕೆಟ್ಟಾಗ ಹುಡುಗಿಯು ಬೆಂಗಳೂರಿನಿಂದಲೇ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಎಂಬುದರ ಮೂಲಕ ಸರಿಪಡಿಸುತ್ತಾಳೆ. ತೆರೆಯ ಮೇಲೆ ಬಾಣವು ತಾನಾಗಿಯೇ ಓಡಾಡುವುದನ್ನು ಕಂಡು ಅತ್ತಿಗೆಯವರು ಮೊದಲು ಬೆಚ್ಚಿದ್ದರು. ಬಹಳ ಉಪಕಾರವಾದ ಸಾಧನವೇ. ಆದರೆ ಇದೇ ಸಾಧನವು ಕಳ್ಳನ ಕೈಗೆ ಸಿಕ್ಕಿದರೆ ಏನಾಗುವುದೆಂಬುದಕ್ಕೆ ನಾನೇ ನಿದರ್ಶನ. ಬರೆಯಲು ನಾಚಿಕೆಯಾಗುತ್ತಿದ್ದರೂ ಬರೆಯುತ್ತೇನೆ.

ಕಳೆದ ವರ್ಷ ಒಂದು ಮಧ್ಯಾಹ್ನ ನಾನು ಅಣ್ಣನವರ ಮಂಚದ ಬಳಿ ಕುಳಿತಿದ್ದಾಗ ನನ್ನ ಮೊಬೈಲಿಗೆ ಕರೆ ಬಂದಿತು. ಬಹು ವಿನಯದ ದನಿ, ಸ್ವಚ್ಛವಾದ ಕನ್ನಡ. "ಸಾರ್, ತಮ್ಮ ಬ್ಯಾಂಕಿನ ಕೆ.ವೈ.ಸಿ. ಅವಧಿ ಮುಗಿದಿದೆ. ಇಂದೇ ಸರಿಪಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ತಾವು ಬ್ಯಾಂಕಿಗೆ ಬರುವುದು ಬೇಡ, ಒಂದು ಆಪನ್ನು ಇಳಿಸಿಕೊಳ್ಳಿ, ನಾವೇ ಮಾಡಿಕೊಡುತ್ತೇವೆ" ಎಂದನು. ಮನೆಯಲ್ಲಿ ದಿನವೂ ದೂರನಿಯಂತ್ರಣವನ್ನೇ ನೋಡುತ್ತಿದ್ದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬಲ್ಲವನೆಂಬ ಸ್ವಲ್ಪ ಅಹಂಕಾರವೂ ಇತ್ತೆಂದು ಒಪ್ಪಿಕೊಳ್ಳಬೇಕು. ಆಪನ್ನು ಇಳಿಸಿಕೊಂಡೆನು. ಅದರಲ್ಲಿ ಒಂಬತ್ತು ಅಂಕಿಗಳ ಸಂಖ್ಯೆಯೊಂದು ಮೂಡಿತು. "ಅದನ್ನು ಓದಿ ಹೇಳಿ ಸಾರ್" ಎಂದನು. ಆರು ಅಂಕಿಗಳನ್ನು ಓದಿದೆನು.

ಅಷ್ಟರಲ್ಲಿ ಟೀವಿಯಿಂದ ನಾಗಸ್ವರವು ಕಿವಿ ಒಡೆಯುವಂತೆ ಮೊಳಗಿತು. ನನ್ನ ಮಾತು ನನಗೇ ಕೇಳಿಸದು. ಸಿಟ್ಟಿನಿಂದ ತಿರುಗಿ ನೋಡಿದರೆ, ಅಣ್ಣನವರು ಎಡಗೈಯ ಮೊಬೈಲಿನಲ್ಲಿ ಸದ್ದನ್ನು ತುದಿಗೇರಿಸಿ, ನನ್ನನ್ನೇ ದಿಟ್ಟಿಸುತ್ತ ತಲೆಯಾಡಿಸುತ್ತಿದ್ದರು. ಕೂಗಿ ಹೇಳಲು ಅವರಿಗೆ ನಾಲಗೆಯಿಲ್ಲ; ಎದ್ದು ಬಂದು ಕೈ ಹಿಡಿಯಲು ಕಾಲಿಲ್ಲ. ನಾನು ಕರೆಯನ್ನು ನಿಲ್ಲಿಸಿದೆನು. ಸದ್ದು ಇಳಿದ ಮೇಲೆ ಅವರು ಬಹಳ ಕಷ್ಟದಿಂದ ಹೇಳಿದ ಮಾತು ಒಂದೇ: "ನಿಯಂತೃ ಯಾರು?"

ಅದೇ ಪ್ರಶ್ನೆ. ಅಣ್ಣನವರ ಏರ್ಪಾಡಿನಲ್ಲಿ ನಮ್ಮ ಮೊಬೈಲು ನಮ್ಮ ಕಂಪ್ಯೂಟರನ್ನು ನಡೆಸುವುದು. ಆ ವಿನಯವಂತನ ಏರ್ಪಾಡಿನಲ್ಲಿ ಅವನ ಕಂಪ್ಯೂಟರು ನನ್ನ ಮೊಬೈಲನ್ನು ನೋಡುತ್ತಿತ್ತು. ಬ್ಯಾಂಕಿನಿಂದ ಬರುವ ಗುಪ್ತಸಂಖ್ಯೆಯು ನನ್ನ ಗಾಜಿನ ಮೇಲೆ ಮೂಡಿದ ಕ್ಷಣದಲ್ಲಿಯೇ ಅವನ ಕಣ್ಣಿಗೂ ಬೀಳುತ್ತಿತ್ತು. ಇಂತಹ ಆಪುಗಳ ಮೂಲಕ ನಡೆಯುವ ಮೋಸವನ್ನು ಕುರಿತು ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿದ್ದಿತು. ನಾನು ಅದನ್ನು ಪತ್ರಿಕೆಯಲ್ಲಿ ಓದಿಯೂ ಇದ್ದೆನು. ಓದಿದುದು ಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ. ಆ ಸಂಜೆಯೇ ಹುಡುಗಿಯ ಮಾತಿನಂತೆ ಆಪನ್ನು ತೆಗೆದುಹಾಕಿ, ಗುಪ್ತಪದಗಳನ್ನು ಬದಲಾಯಿಸಿ, ಬ್ಯಾಂಕಿಗೆ ಖುದ್ದಾಗಿ ಹೋಗಿ ವಿಚಾರಿಸಿದೆನು. ಕೆ.ವೈ.ಸಿ. ಸರಿಯಾಗಿಯೇ ಇತ್ತು. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವವು ಅಷ್ಟು ಹೆಚ್ಚು. ತಾವಾಗಿ ಕರೆದವರಿಗೆ, ಅವರು ಯಾರೆಂದು ಹೇಳಿಕೊಂಡರೂ, ತೆರೆಯ ಮೇಲಿನ ಸಂಖ್ಯೆಯನ್ನು ಓದಿ ಹೇಳತಕ್ಕುದಲ್ಲ. ಮನೆಯ ದೂರನಿಯಂತ್ರಕವಾಗಿರುವ ಮೊಬೈಲಿಗೂ ಬೀಗವಿರಲಿ. ಅದು ಯಾರ ಕೈಯಲ್ಲಿರುವುದೋ ಅವರಿಗೆ ಕಂಪ್ಯೂಟರೂ ವಶವಾದಂತೆಯೇ. ಅಣ್ಣನವರ ಮೊಬೈಲಿನಲ್ಲಿ ಸಿಮ್ಮೂ ಇಲ್ಲ, ಬ್ಯಾಂಕಿನ ಆಪೂ ಇಲ್ಲ. ಅದಕ್ಕೆ ಪುಟ ಮಗುಚುವುದು ಬಿಟ್ಟು ಬೇರೆ ಉದ್ಯೋಗವಿಲ್ಲ.

ಈ ಲೇಖನದ ಕರಡನ್ನು ಅಣ್ಣನವರು ಟೀವಿಯ ತೆರೆಯ ಮೇಲೆ ಓದಿದರು. ತಪ್ಪು ಕಂಡಲ್ಲಿ ಬಾಣವನ್ನು ನಿಲ್ಲಿಸಿ ಮಂಚವನ್ನು ತಟ್ಟುವುದು ಅವರ ಈಗಿನ ಪದ್ಧತಿ. ನಾಲ್ಕು ಕಡೆ ತಟ್ಟಿದರು. ಮೂರನ್ನು ತಿದ್ದಿದೆನು. ನಾಲ್ಕನೆಯದು ನಾಗಸ್ವರದ ವಿಷಯ; ಅಂದು ಮೊಳಗಿದುದು ನಾಗಸ್ವರವಲ್ಲ, ಶಹನಾಯಿಯೆಂದು ಅವರ ವಾದ. ನನಗೆ ನಾಗಸ್ವರವೆಂದೇ ಜ್ಞಾಪಕ. ಅತ್ತಿಗೆಯವರನ್ನು ಕೇಳಿದರೆ, ಅಂದು ತಮಗೆ ಕೇಳಿಸಿದುದು ಬರಿಯ ಗದ್ದಲವೆಂದರು.